ಟ್ರೇಲರ್ ಹಿಂದಕ್ಕೆ ಹೋದದ್ದು

ನಿವೃತ್ತ ಉಪನಿರ್ದೇಶಕ ರೇಣುಕಾಪ್ರಸಾದರ ಮನೆಯ ಪಕ್ಕದ ದಾರಿ ಬಹಳ ಕಿರಿದು. ಇಟ್ಟಿಗೆ ತುಂಬಿದ ಟ್ರೇಲರನ್ನು ರಿವರ್ಸಿನಲ್ಲೇ ಹಿತ್ತಿಲಿಗೆ ಒಯ್ಯಬೇಕಿತ್ತು.

“ಗೋಡೆಗೆ ಗೀರು ಬಿದ್ದರೆ ನಿನ್ನ ಟ್ರ್ಯಾಕ್ಟರ್ ಇಲ್ಲೇ ಉಳಿಯುತ್ತೆ,” ಎಂದರು ಸಾಹೇಬರು. ಆಮೇಲೆ ಟ್ರೇಲರಿನ ಹಿಂದೆ ನಿಂತು ಕೂಗಿದರು. “ಎಡಕ್ಕೆ ತಿರುಗಿಸು!”

ಡ್ರೈವರ್ ತಿರುಗಿಸಿದ. ಟ್ರೇಲರ್ ಬಲಗೋಡೆಯತ್ತ ಹೊರಟಿತು.

“ಎಡ ಯಾವುದು ಅಂತ ಗೊತ್ತಿಲ್ವೇನಯ್ಯಾ?”

“ಹಿಂದಕ್ಕೆ ಬರುವಾಗ ಟ್ರೇಲರ್ ಉಲ್ಟಾನೇ ಹೋಗೋದು ಸಾರ್.”

“ಮೂವತ್ನಾಲ್ಕು ವರ್ಷ ಇಲಾಖೆ ನಡೆಸಿದೋನಿಗೆ ಹೇಳಿಕೊಡ್ತೀಯಾ? ಇನ್ನೂ ಎಡಕ್ಕೆ!”

ಗೋಡೆಗೆ ಎರಡೇ ಬೆರಳು ಉಳಿದಿತ್ತು. ಡ್ರೈವರ್ ಇಳಿದು ಕೈಮುಗಿದ.

“ಸಾರ್, ರಸ್ತೇಲಿ ಬರೋ ಗಾಡಿಗಳನ್ನ ತಡೆಯೋಕೆ ದೊಡ್ಡ ಅಧಿಕಾರಿ ಬೇಕು. ನನ್ನ ಮಾತಿಗೆ ಯಾರು ನಿಲ್ತಾರೆ?”

ಸಾಹೇಬರು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು. ರಸ್ತೆಯ ನಡುವೆ ನಿಂತು ಒಂದು ಸೈಕಲ್ಲನ್ನೂ ಒಂದು ಎಮ್ಮೆಯನ್ನೂ ತಡೆದರು. ಎಮ್ಮೆ ನಿಲ್ಲಲಿಲ್ಲ. ಅಷ್ಟರಲ್ಲಿ ಟ್ರೇಲರ್ ಹಿತ್ತಿಲು ಸೇರಿತ್ತು.

ಸಾಹೇಬರು ಎರಡೂ ಗೋಡೆ ಸವರಿ ನೋಡಿದರು. ಒಂದು ಗೀರೂ ಇಲ್ಲ.

“ನೋಡಿದೆಯಾ? ಮೇಲಿನವರು ಸರಿಯಾಗಿದ್ದರೆ ಕೆಲಸ ಹೀಗೆ ಆಗುತ್ತೆ.”

“ನಿಜ ಸಾರ್. ಇಟ್ಟಿಗೆ ಇಳಿಸೋತನಕ ರಸ್ತೇಲೇ ಇದ್ದುಬಿಡಿ.”

ಸಾಹೇಬರು ಇದ್ದರು.