ಚೆನ್ನಾಜಮ್ಮನ ಕೈಗುಣ

ಹೊಳೆದಂಡೆಯ ಮಠ. ಗುರುಗಳ ಊಟಕ್ಕೆ ತುಪ್ಪ ಬರುತ್ತಿದ್ದದ್ದು ಶಿಷ್ಯ ಕೆಂಡಗಣ್ಣನ ಮನೆಯಿಂದ. ಕಾಯಿಸುತ್ತಿದ್ದವಳು ಅವನ ಹೆಂಡತಿ ಚೆನ್ನಾಜಮ್ಮ.

ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಆಮೇಲೆ ಕೆಂಡಗಣ್ಣನೇ ಕಡೆದ. ಅವನೇ ಕಾಯಿಸಿದ.

ಮಠದ ಅಡುಗೆಯ ಗುರುಸಿದ್ದಪ್ಪ ಪಾತ್ರೆಯ ಮುಚ್ಚಳ ತೆಗೆದ. ಬೆರಳಿಂದ ಒತ್ತಿದ. ಮೂಸಿದ.

"ಏನಯ್ಯ, ಅರಿಶಿನ ಹಾಕಿದ್ದೀಯ?"

ಕೆಂಡಗಣ್ಣ ತಲೆ ತಗ್ಗಿಸಿದ.

"ಹೋದ ಸಲ ನೀನು ತಂದದ್ದು ಮೇಣದ ಥರ ಬೆಳ್ಳಗಿತ್ತು. ಈ ಸಲ ಮದುವೆ ಗಂಡು ಮಾಡ್ಕೊಂಡು ತಂದಿದ್ದೀಯಲ್ಲ!"

ಗುರುಗಳು ಜಗಲಿಯ ಮೇಲಿದ್ದರು. ಕೇಳಿಸಿತು. ಕರೆದರು.

"ಯಾಕಪ್ಪ ಅರಿಶಿನ?"

"ತಪ್ಪಾಯ್ತು ಬುದ್ಧಿ. ಅವಳ ತುಪ್ಪ ಹಳದಿ ಇರ್ತಿತ್ತು. ಊರೆಲ್ಲ ಚೆನ್ನಾಜಮ್ಮನ ಕೈಗುಣ ಅನ್ನೋರು. ಅವಳದು ಅಂತ ಉಳಿದಿದ್ದು ಅದೊಂದೇ. ಅದೂ ಹೋಗ್ತಿದೆ."

"ನೀನು ಹೆಂಗೆ ಮಾಡ್ತೀಯ?"

"ಅವಳು ಮಾಡಿದಂಗೇ. ಕಡಗೋಲು ಅದೇ. ಗಡಿಗೆ ಅದೇ. ನುಗ್ಗೆಸೊಪ್ಪು ಹಾಕಿಯೇ ಕಾಯಿಸ್ತೀನಿ."

"ಹಸು?"

"ಹಸುನೂ ಅವೇ, ಎರಡೂ. ಕೊಟ್ಟಿಗೇಲೇ ಕಟ್ಟಿದ್ದೀನಿ. ಒಣಹುಲ್ಲು, ಹತ್ತಿಬೀಜದ ಹಿಂಡಿ ಹಾಕ್ತೀನಿ. ಹಾಲೇನೋ ಮೊದಲಿಗಿಂತ ಜಾಸ್ತಿನೇ."

"ಮೊದಲು ಏನು ಮಾಡ್ತಿದ್ರಿ?"

"ಅವಳು ದಿಣ್ಣೆ ಮೇಲೆ ಮೇಯಿಸ್ಕೊಂಡು ಬರೋಳು."

"ನೀನು ಹೋಗಲ್ವ?"

"ಆ ದಾರಿ ನೋಡಕ್ಕಾಗಲ್ಲ ಬುದ್ಧಿ."

ಗುರುಗಳು ಎದ್ದರು. ಅವನ ಕೊಟ್ಟಿಗೆಗೆ ಹೋದರು. ಹಸುಗಳ ಹಗ್ಗ ಬಿಚ್ಚಿದರು.

ಮಳೆ ಬಿದ್ದಿತ್ತು. ದಿಣ್ಣೆಯೆಲ್ಲ ಹಸಿರು. ಹಸುಗಳೇ ಮುಂದೆ ಹೋದವು. ಗುರುಗಳು ಹಿಂದೆ. ಕೆಂಡಗಣ್ಣ ಎಲ್ಲರಿಗಿಂತ ಹಿಂದೆ.

ಮೇಲೆ ಬೇರೆ ದನ ಒಂದೂ ಇರಲಿಲ್ಲ.

"ಊರಿನವರು ಯಾರೂ ಬರಲ್ವ?"

"ಎಲ್ಲರದೂ ಈಗ ಕಟ್ಟಿ ಮೇಯಿಸೋದೇ ಬುದ್ಧಿ. ನೀನೂ ಹಂಗೇ ಮಾಡು, ಬಿಸಿಲಲ್ಲಿ ಸಾಯಬೇಡ ಅಂತ ಅವಳಿಗೆ ನಾನೇ ಬೈತಿದ್ದೆ."

"ಅದಕ್ಕೇನಂತಿದ್ದಳು?"

"'ಕಟ್ಟಿ ಹಾಕೋದಾದ್ರೆ ಮೊದಲು ನಿಮ್ಮನ್ನ ಕಟ್ಟಬೇಕು' ಅಂತ ನಗೋಳು."

ಹಸುಗಳು ಗರಿಕೆ ಮೇಯ್ದವು. ಹೆಸರು ಗೊತ್ತಿಲ್ಲದ ಬಳ್ಳಿ ಮೇಯ್ದವು. ಒಂದು ಹೊಂಗೆ ಮರದ ಹತ್ತಿರ ನಿಂತುಬಿಟ್ಟವು. ಕೆಂಡಗಣ್ಣ ಅಟ್ಟಿದರೂ ಹೋಗಲಿಲ್ಲ.

"ಯಾಕೆ ನಿಂತವು?"

ಕೆಂಡಗಣ್ಣ ನೋಡಿದ. ಮರದ ಬುಡದಲ್ಲಿ ಒಂದು ಕಲ್ಲು. ಕೂತು ಕೂತು ನುಣ್ಣಗಾಗಿತ್ತು.

"ಇಲ್ಲಿ ಕೂರ್ತಿದ್ದಳು ಅಂತ ಕಾಣುತ್ತೆ. ನನಗೆ ಗೊತ್ತೇ ಇರಲಿಲ್ಲ."

ಅವನು ಕಲ್ಲಿನ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಹಸುಗಳು ತಾವೇ ಹೊರಟವು. ಅವನೂ ಎದ್ದ.

ಮಾರನೆಯ ದಿನ ಒಬ್ಬನೇ ಹೋದ. ಆಮೇಲೆ ದಿನಾ ಹೋದ.

ಹಾಲು ಒಂದಿಷ್ಟು ಕಡಿಮೆಯಾಯಿತು. ಬೆಣ್ಣೆ ಮೆತ್ತಗಾಯಿತು. ಬರುಬರುತ್ತ ಹಳದಿಗೆ ತಿರುಗಿತು. ಒಂದು ದಿನ ಕಾಯಿಸುವಾಗ ಘಮ ಬೀದಿಯವರೆಗೆ ಹೋಯಿತು.

ಗುರುಸಿದ್ದಪ್ಪ ಮುಚ್ಚಳ ತೆಗೆದ. ಮೂಸಿದ. ಗೇಲಿ ಮಾಡಲಿಲ್ಲ.

"ಬುದ್ಧಿ, ಚೆನ್ನಾಜಮ್ಮನ ತುಪ್ಪ" ಎಂದು ಬಡಿಸಿದ.

ಕೆಂಡಗಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಕಣ್ಣು ಒದ್ದೆ.

"ಬಂತಲ್ಲಪ್ಪ. ಇನ್ನೇನು?"

"ಬಂತು ಬುದ್ಧಿ. ಅದಕ್ಕೇ ಸಂಕಟ. ಆ ಬಣ್ಣ, ಆ ಘಮ ಎಲ್ಲ ದಿಣ್ಣೆ ಹುಲ್ಲಿಂದು. ಯಾರು ಮೇಯಿಸಿದ್ರೂ ಬರುತ್ತೆ. ಹಂಗಾದ್ರೆ ಅವಳ ಕೈಗುಣ ಅನ್ನೋದು ಇರಲೇ ಇಲ್ವ?"

ಗುರುಗಳು ಅನ್ನಕ್ಕೆ ತುಪ್ಪ ಕಲಸಿಕೊಂಡರು. ನಿಧಾನವಾಗಿ ಒಂದು ತುತ್ತು ಉಂಡರು.

"ಹುಲ್ಲು ಊರಿಗೆಲ್ಲ ಬೆಳೆದಿತ್ತು ಕೆಂಡಗಣ್ಣ. ಬಿಸಿಲಲ್ಲಿ ಹೋದವಳು ಯಾರು?"