ಮಂಟಪದಲ್ಲಿ ಕೂತವನ ಕೆಲಸ

ಗುಡ್ಡದ ಮಠದ ಕೆಳಗೆ ಮೂರು ಕೆರೆಗಳಿದ್ದವು. ಮೇಲಿನದರ ನೀರು ನಡುವಿನದಕ್ಕೆ, ನಡುವಿನದರ ನೀರು ಕೆಳಗಿನದಕ್ಕೆ. ಹಳ್ಳ ಉಕ್ಕಿ ಬಂದ ದಿನ ಕೆಳಗಿನಿಂದ ಒಂದೊಂದಾಗಿ ತೂಬು ಎತ್ತಬೇಕು. ಕ್ರಮ ತಪ್ಪಿದರೆ ಏರಿ ಉಳಿಯುವುದಿಲ್ಲ.

ಕೆರೆಗೊಬ್ಬರು ನೀರುಗಂಟಿ, ತೂಬು ಎತ್ತಿ ಇಳಿಸುವವರು. ಕೆಳಗೆ ಬೋರಯ್ಯ, ನಡುವೆ ಕಾಳಮ್ಮ, ಮೇಲೆ ಚಿಕ್ಕತಿಮ್ಮ. ಒಬ್ಬರ ಕೆರೆ ಇನ್ನೊಬ್ಬರ ಕಣ್ಣಿಗೆ ಬೀಳದು. ಮೂವರ ಕೊಂಬೂ ಕೇಳುವುದು ಮಠಕ್ಕೂ ಮೇಲೆ, ಗುಡ್ಡದ ತುದಿಯ ಮಂಟಪಕ್ಕೆ ಮಾತ್ರ.

ಅಲ್ಲಿ ಮಠದ ನಿರ್ವಾಣಸ್ವಾಮಿಗಳು ಶಿಷ್ಯ ಮುದ್ದವೀರನನ್ನು ಕೂರಿಸಿದರು. ಮುಂದೆ ಮೂರು ನಗಾರಿ, ಮೂರು ಕೆರೆಗೆ ಮೂರು ದನಿ.

"ಒಂದು ಪೆಟ್ಟು ಹೊಡೆದರೆ ಎತ್ತು ಅಂತ. ಎರಡು ಹೊಡೆದರೆ ತಾಳು ಅಂತ. ಅವರು ಒಂದು ಸಲ ಊದಿದರೆ ಕೇಳಿಸಿತು ಅಂತ, ಎರಡು ಸಲ ಊದಿದರೆ ಕೆಲಸ ಆಯಿತು ಅಂತ."

"ಮತ್ತೆ ನನ್ನ ಕೆಲಸ ಏನು ಬುದ್ಧಿ?"

"ಕೇಳೋದು."

ಮುದ್ದವೀರನ ಮುಖ ಸಣ್ಣದಾಯಿತು. ಗುಂಡುಕಲ್ಲಿನಂಥ ಆಳು, ಕೂತು ಉಣ್ಣುವುದೆಂದರೆ ಅವನಿಗೆ ನಾಚಿಕೆ.

ಒಂದು ಮಧ್ಯಾಹ್ನ ಹಳ್ಳ ಕೆಂಪಾಗಿ ಬಂತು.

ಅವನು ಕೆಳಗಿನ ಕೆರೆಗೆ ಒಂದು ಪೆಟ್ಟು ಕೊಟ್ಟ. ಬೋರಯ್ಯ ಒಂದು ಸಲ ಊದಿದ. ಸ್ವಲ್ಪ ಹೊತ್ತಿಗೆ ಎರಡು ಸಲ ಊದಿದ. ಆಯಿತು.

ನಡುವಿನ ಕೆರೆಗೆ ಪೆಟ್ಟು ಕೊಟ್ಟ. ಕಾಳಮ್ಮ ಒಂದು ಸಲ ಊದಿದಳು. ಆಮೇಲೆ ಸದ್ದಿಲ್ಲ.

ಮೇಲಿನಿಂದ ಚಿಕ್ಕತಿಮ್ಮನ ಕೊಂಬು ಗಿಡ್ಡ ಗಿಡ್ಡಕ್ಕೆ ಕೂಗಿತು: ಎತ್ತಲಾ? ಮುದ್ದವೀರ ಎರಡು ಪೆಟ್ಟು ಕೊಟ್ಟ: ತಾಳು. ಮತ್ತೆ ಕೂಗಿತು. ಮತ್ತೆ ಎರಡು ಪೆಟ್ಟು. ನಡುವಿನ ಕೆರೆಯಿಂದ ಉಸಿರಿಲ್ಲ.

ಅವನು ಎದ್ದು ನಿಂತ. ಕಾಳಮ್ಮ ನೀರಿಗೆ ಬಿದ್ದಳೋ ಏನೋ! ಅಲ್ಲೊಬ್ಬಳು ಸಾಯುತ್ತಿದ್ದರೆ ಇಲ್ಲಿ ತಾನು ಚರ್ಮ ಬಡಿಯುತ್ತ ಕೂರುವುದೇ? ಕೋಲು ಎಸೆದು ಗುಡ್ಡ ಇಳಿದು ಓಡಿದ.

ಕಾಳಮ್ಮ ಕತ್ತಿನಮಟ್ಟದ ನೀರಿನಲ್ಲಿದ್ದಳು. ತೂಬಿನ ಬಾಯಿಗೆ ಸಿಕ್ಕಿಕೊಂಡ ಮರದ ಬೇರನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದಳು. ಅವನನ್ನು ಕಂಡವಳೇ ಬೆಚ್ಚಿಬಿದ್ದಳು.

"ಮಂಟಪ್ದಾಗೆ ಯಾರವ್ರೆ?"

"ಯಾರೂ ಇಲ್ಲ. ನೀನು ಊದಲಿಲ್ಲವಲ್ಲ, ಅದಕ್ಕೇ—"

"ಕೆಲ್ಸ ಆಗ್ದೆ ಹೆಂಗಪ್ಪ ಊದ್ಲಿ? ತಿಮ್ಮಣ್ಣಂಗೆ ತಾಳು ಅನ್ನೋರು ಯಾರು? ಅವ್ನು ಮೇಲೆ ಎತ್ತಿದ್ರೆ ನಾನಿಲ್ಲೇ ಮುಳುಗೋಯ್ತೀನಿ! ಹೋಗು, ಓಡು!"

ಮುದ್ದವೀರ ತಿರುಗಿ ಓಡಿದ. ಗುಡ್ಡ ಹತ್ತತೊಡಗಿದಾಗ ತಿಮ್ಮನ ಕೊಂಬು ಬಿಡದೆ ಕೂಗುವುದು ಕೇಳಿಸಿತು. ಆಮೇಲೆ ಅದೂ ನಿಂತಿತು. ಉತ್ತರ ಬಾರದೆ ಬೇಸತ್ತು ತೂಬಿಗೆ ಕೈ ಹಾಕಿದನೋ? ಕಲ್ಲಿಗೆ ಎಡವಿ ಬಿದ್ದ, ಎದ್ದ, ಅಳು ಬಂತು.

ಆಗ ಗುಡ್ಡದ ಮೇಲಿಂದ ನಗಾರಿ ಕೇಳಿಸಿತು. ಎರಡು ಪೆಟ್ಟು. ತಾಳು.

ಅರ್ಧ ದಾರಿಯಲ್ಲಿ, ಹಿಂದಿನಿಂದ ಕಾಳಮ್ಮನ ಕೊಂಬು ಎರಡು ಸಲ. ಮುಂದಿನಿಂದ ನಗಾರಿ ಒಂದು ಪೆಟ್ಟು. ಮೇಲಿನ ತೂಬು ಎದ್ದಿತು. ಮೇಲಿನ ಕೆರೆಯ ಏರಿಯಲ್ಲಿ ಒಂದು ಅಂಚು ಕುಸಿದು ನೀರುಪಾಲಾಯಿತು, ಉಳಿದದ್ದು ನಿಂತಿತು.

ಮಂಟಪದಲ್ಲಿ ಸ್ವಾಮಿಗಳು ಕೂತಿದ್ದರು. ನಗಾರಿ ನಿಂತೊಡನೆ, ಕಟ್ಟೆ ಹತ್ತಲೂ ಆಗದ ಮಂಡಿಗಳು ಗುಡ್ಡ ಹತ್ತಿದ್ದವು. ಇನ್ನೂ ಏದುಸಿರು. ಅವರು ಕೋಲನ್ನು ಶಿಷ್ಯನ ಕೈಗೆ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಾನು ಹೆದರಿ ಓಡಲಿಲ್ಲ ಬುದ್ಧಿ. ಕಾಳಮ್ಮ ಸಾಯ್ತಾಳೆ ಅಂತ ಓಡಿದೆ. ಕೂತಿರೋದಕ್ಕಿಂತ ಅವಳ ಜೀವ ದೊಡ್ಡದಲ್ವಾ?"

"ದೊಡ್ಡದೇ," ಎಂದರು ಸ್ವಾಮಿಗಳು. "ಆ ಜೀವ ನಿನ್ನ ಕಿವಿಯಲ್ಲಿತ್ತು ಮಗಾ. ಆ ಕಿವಿಯನ್ನೇ ಎತ್ಕೊಂಡು ಓಡಿಬಿಟ್ಟೆಯಲ್ಲ."