ಸಾಕ್ಷಿ ಹೇಳದ ರ‍್ಯಾಮ್

ವನಜಾಕ್ಷಮ್ಮನವರ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಅಳಿಯ ಜಯಶೀಲ ಕುಳಿತಿದ್ದ. ಮೂರು ಸಲವೂ ಕೆಲಸ ಅರವತ್ತೆರಡು ಪರ್ಸೆಂಟಿಗೇ ನಿಂತುಹೋಯಿತು.

ಒಳಗೆ ಹಾರ್ಡ್‌ಡಿಸ್ಕ್ ನಡುಗುತ್ತಿತ್ತು. ವನಜಾಕ್ಷಮ್ಮನವರ ತಾಯಿ ಹಾಡಿದ್ದ ಸೋಬಾನೆ ಪದಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

"ತಪ್ಪು ಈ ಹಳೇ ಡಿಸ್ಕಿನದೇ," ಎಂದಿತು ಹೊಸ ಸಿಸ್ಟಮ್ಮನ್ನು ಹೊತ್ತು ತಂದಿದ್ದ ಪೆನ್‌ಡ್ರೈವ್. ನಕಲು ಮುಗಿಯುವ ಮೊದಲೇ ಜಯಶೀಲ ತನ್ನನ್ನು ಕಿತ್ತುಕೊಂಡಿದ್ದರಿಂದ ತನ್ನೊಳಗಿನ ಫೈಲೇ ಅರ್ಧ ಎಂಬುದರ ಬಗ್ಗೆ ಮಾತ್ರ ಅದು ಬಾಯಿ ಬಿಡಲಿಲ್ಲ.

ಹಾರ್ಡ್‌ಡಿಸ್ಕ್ ಪಕ್ಕದ ರ‍್ಯಾಮಿನ ಕಡೆ ತಿರುಗಿತು. "ಅಣ್ಣಾ, ಪ್ರತಿ ಫೈಲೂ ನಿನ್ನ ಕೈ ದಾಟಿಯೇ ನನಗೆ ಬರುತ್ತದೆ. ಆ ಅರ್ಧ ಫೈಲನ್ನು ನೀನು ಕಣ್ಣಾರೆ ಕಂಡಿದ್ದೀಯ. ತೆರೆಯ ಮೇಲೆ ಒಂದು ಮಾತು ಹೇಳು."

"ಕಂಡಿದ್ದೇನೆ. ಆದರೆ ಕರೆಂಟ್ ಇರುವ ತನಕ ಮಾತ್ರ ನೆನಪಿಟ್ಟುಕೊಳ್ಳುವವನು ನಾನು. ನನಗೇಕೆ ಊರ ಉಸಾಬರಿ?" ಎಂದಿತು ರ‍್ಯಾಮ್.

ಹೊರಗೆ ಜಯಶೀಲ ಹೇಳಿದ: "ಅತ್ತೆ, ಡಿಸ್ಕೇ ಕೆಟ್ಟಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕ್ತೀನಿ."

ವನಜಾಕ್ಷಮ್ಮನವರಿಗೆ ತಾಯಿಯ ಹಾಡುಗಳು ನೆನಪಾದವು. ಆದರೆ ಅಳಿಯನಿಗೆ ಎದುರಾಡುವ ರೂಢಿ ಆ ಮನೆಯಲ್ಲಿರಲಿಲ್ಲ. "ನಿಮಗೆ ಸರಿ ಕಂಡಂತೆ ಮಾಡಿ," ಎಂದರು.

"ಅಣ್ಣಾ, ಈಗಲಾದರೂ..." ಎನ್ನುವಷ್ಟರಲ್ಲಿ ಡಿಸ್ಕ್ ಬರಿದಾಯಿತು.

ಕೆಲಸ ಮತ್ತೆ ಶುರುವಾಯಿತು. ಮತ್ತೆ ಅರವತ್ತೆರಡಕ್ಕೇ ನಿಂತಿತು.

"ಹಾಗಾದರೆ ತಪ್ಪು ರ‍್ಯಾಮಿನದು," ಎಂದಿತು ಪೆನ್‌ಡ್ರೈವ್. ಜಯಶೀಲ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ರ‍್ಯಾಮ್ ಗಾಬರಿಯಿಂದ ಡಿಸ್ಕಿನ ಕಡೆ ತಿರುಗಿತು. "ತಮ್ಮಾ, ತಪ್ಪು ಯಾರದೆಂದು ನಿನಗೆ ಗೊತ್ತಲ್ಲ! ನೀನಾದರೂ ಹೇಳು!"

ಹಾರ್ಡ್‌ಡಿಸ್ಕ್ ಅದರ ಮುಖವನ್ನೇ ನೋಡಿತು.

"ನೀವು ಯಾರು?" ಎಂದು ಕೇಳಿತು.